ಡೋಲಿನ ಹಿಂದಿನ ಮೋರೆ

ಹಾಸಿಗೆ ಕಾರ್ಖಾನೆಗೆ ಬ್ಯಾಗ್‌ಪೈಪ್ ಬ್ಯಾಂಡ್ ಯಾಕೆ ಬೇಕಿತ್ತು ಎಂದು ಕೇಳಿದವರಿಗೆಲ್ಲ ಊರಿನಲ್ಲಿ ಒಂದೇ ಉತ್ತರ ಸಿಗುತ್ತಿತ್ತು. ದಿನವಿಡೀ ಹಾಸಿಗೆ ಹೊಲಿಯುವವರಿಗೆ ನಿದ್ದೆ ಬರದೆ ಇನ್ನೇನು ಬರುತ್ತದೆ? ಅವರನ್ನು ಎಬ್ಬಿಸಿ ಕೂರಿಸಲು ಭೂಮಿಯ ಮೇಲಿನ ಅತಿ ಗಟ್ಟಿ ವಾದ್ಯ ಬೇಕು ಎಂದು ಮೊದಲ ಯಜಮಾನ ಎಲ್ಲಿಂದಲೋ ಆರು ಬ್ಯಾಗ್‌ಪೈಪ್ ತರಿಸಿದ್ದ. ಅವನು ಹೋಗಿ ಎಷ್ಟೋ ಕಾಲವಾಯಿತು. ಈಗ ಅವನ ಮೊಮ್ಮಗಳು ಯಜಮಾನಿ. ಯಂತ್ರಗಳು ಬದಲಾದವು, ಹತ್ತಿಯ ಜಾಗಕ್ಕೆ ಸ್ಪಂಜು ಬಂತು, ಬ್ಯಾಂಡ್ ಮಾತ್ರ ಹಾಗೇ ಉಳಿಯಿತು. ಊರಿನ ಬಾಯಲ್ಲಿ ಚೀಲ ಎನಿಸಿಕೊಂಡ ಆ ಆರು ಬ್ಯಾಗ್‌ಪೈಪ್, ನಾಲ್ಕು ಸಣ್ಣ ಡೋಲು, ಕೊನೆಯಲ್ಲಿ ಒಂದು ದೊಡ್ಡ ಡೋಲು.

ಆ ದೊಡ್ಡ ಡೋಲು ಹೊಡೆಯುವವಳನ್ನು ಊರೆಲ್ಲ ಡೋಲಮ್ಮ ಎಂದೇ ಕರೆಯುತ್ತಿತ್ತು. ಅಂಚು ಹೊಲಿಯುವ ವಿಭಾಗದಲ್ಲಿ ಅವಳದು ಮೊದಲ ಮೇಜು. ಬಾಗಿದ ಸೂಜಿಯನ್ನು ದಪ್ಪ ಬಟ್ಟೆಯೊಳಗೆ ನುಗ್ಗಿಸಿ ನುಗ್ಗಿಸಿ ಅವಳ ಬಲ ಹೆಬ್ಬೆರಳು ಒಣಗಿದ ಮರದ ತುಂಡಿನ ಹಾಗೆ ಗಟ್ಟಿಯಾಗಿತ್ತು. ಆ ಕೈಯಿಂದ ಡೋಲಿಗೆ ಒಂದು ಬಿಟ್ಟರೆ ಎದುರು ಮನೆಯ ತಟ್ಟೆ ಲೋಟಗಳು ತಂತಮ್ಮಲ್ಲಿ ಮಾತಾಡಿಕೊಳ್ಳುತ್ತಿದ್ದವು. ಆದರೆ ಆಳು ಕುಳ್ಳಿ. ಡೋಲನ್ನು ಎದೆಗೆ ಕಟ್ಟಿಕೊಂಡರೆ ಅದರ ಅಂಚು ಹಣೆ ಮುಟ್ಟುತ್ತಿತ್ತು. ಇಪ್ಪತ್ತೆರಡು ವರ್ಷ ಊರಿನ ಪ್ರತಿ ಮೆರವಣಿಗೆಯಲ್ಲೂ ನಡೆದಿದ್ದಳು, ಒಂದೇ ಒಂದು ಮೆರವಣಿಗೆಯನ್ನೂ ಕಣ್ಣಾರೆ ಕಂಡಿರಲಿಲ್ಲ. ಮುಂದೆ ಚೀಲಗಳ ಸದ್ದು ಎತ್ತ ಹೋಯಿತೋ ಅತ್ತ ಇವಳ ಕಾಲು.

ಇದರಿಂದ ಅವಳಿಗೇನೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಅವಳ ಅಮ್ಮನಿಗೆ. ಎಂಬತ್ತಾರು ವರ್ಷದ ಅಮ್ಮ, ಕಾಲು ಗಟ್ಟಿ ಇರುವವರೆಗೂ ಪ್ರತಿ ಸಲ ಚೌಕಕ್ಕೆ ಬಂದು ನಿಂತು, ಮನೆಗೆ ಹೋದಮೇಲೆ ಒಂದೇ ಮಾತು ಹೇಳುತ್ತಿದ್ದಳು.

"ನಿನ್ನ ಡೋಲು ಬಂದಿತ್ತು ಕಣೆ. ಅದಕ್ಕೆ ಎರಡು ಕಾಲೂ ಇತ್ತು. ನಿನ್ನ ಮೋರೆ ಮಾತ್ರ ಎಲ್ಲೂ ಕಾಣ್ಲಿಲ್ಲ. ಹೆತ್ತೋಳಿಗೆ ಮಗಳನ್ನ ಮೊಣಕಾಲಿಂದ ಗುರುತು ಹಿಡೀಬೇಕಾದ ಗತಿ!"

ಈಗ ಅಮ್ಮನ ಮಂಡಿ ಕೈಕೊಟ್ಟಿತ್ತು. ಮೊದಲ ಮಹಡಿಯ ಕಿಟಕಿ ಬಿಟ್ಟು ಕದಲುವಂತಿರಲಿಲ್ಲ. ಬ್ಯಾಂಡು ಆ ಬೀದಿಗೆ ಯಾವತ್ತೂ ಬಂದದ್ದೇ ಇಲ್ಲ, ಕಾರ್ಖಾನೆಯ ಹಳೇ ಗೇಟಿನಿಂದ ಚೌಕ, ಚೌಕದಿಂದ ಹಳೇ ಗೇಟು, ಅಷ್ಟೇ ಅದರ ಲೋಕ.

ಹಾಗಿರುವಾಗ ಕಾರ್ಖಾನೆಗೆ ಹೊಸ ಕಟ್ಟಡ ಆಯಿತು. ಎಲ್ಲಿ ಅಂತೀರಿ, ಸರಿಯಾಗಿ ಡೋಲಮ್ಮನ ಬೀದಿಯ ಕೊನೆಯಲ್ಲಿ! ಉದ್ಘಾಟನೆಯ ದಿನ ಬ್ಯಾಂಡು ಹಳೇ ಗೇಟಿನಿಂದ ಹೊರಟು, ಗಡಿಯಾರದ ಗೋಪುರದ ಹತ್ತಿರ ಬಲಕ್ಕೆ ತಿರುಗಿ, ಅಮ್ಮನ ಕಿಟಕಿಯ ಕೆಳಗೇ ಹಾದು, ಹತ್ತು ಗಂಟೆಗೆ ಹೊಸ ಬಾಗಿಲಿಗೆ ಹೋಗಬೇಕು. ಅಲ್ಲಿ ಯಜಮಾನಿ ಕತ್ತರಿ ಹಿಡಿದು ರಿಬ್ಬನ್ನಿನ ಮುಂದೆ ಕಾಯುತ್ತಿರುತ್ತಾಳೆ. ಮೆರವಣಿಗೆ ಆ ಬೀದಿಗೆ ಬರುವುದು ಅದೊಂದೇ ಸಲ.

ಅಮ್ಮ ಹೇಳಿಯೇ ಬಿಟ್ಟಳು. "ಈ ಸಲ ನಿನ್ನ ಮೋರೆ ಕಾಣಬೇಕು. ಇಲ್ಲಾಂದ್ರೆ ಕಿಟಕಿ ಮುಚ್ಚಿ ಮಲಗ್ತೀನಿ."

ಡೋಲಮ್ಮ ಭಾವನ ಹತ್ತಿರ ಹೋದಳು. ಭಾವ ಎಂದರೆ ಅವಳ ಅಕ್ಕನ ಗಂಡ, ಬ್ಯಾಂಡಿನ ಮುಂದಾಳು. ಊರಿಗೆಲ್ಲ ಮೇಜರು, ಇವಳಿಗೆ ಮಾತ್ರ ಭಾವ. ಎತ್ತರದಲ್ಲಿ ಇವಳಷ್ಟೇ ಕುಳ್ಳ. ಆದರೆ ಚೀಲ ಕಂಕುಳಿಗೆ ಏರಿ ಮೂರು ಉದ್ದ ಕೊಳವೆಗಳು ಹೆಗಲ ಮೇಲೆ ನಿಂತವೆಂದರೆ ಆರಡಿ ಆಳಿನ ಗತ್ತು ಬರುತ್ತಿತ್ತು. ಆ ಮೂರು ಕೊಳವೆಗಳು ಒಂದೇ ಸ್ವರವನ್ನು ಗುಂಯ್ ಎಂದು ಹಿಡಿದು ನಿಲ್ಲುತ್ತಿದ್ದವು, ಕೆಳಗಿನ ಕೊಳಲು ಅದರ ಮೇಲೆ ಕುಣಿಯುತ್ತಿತ್ತು. ಆ ಗುಂಯ್ ಕಿವಿಗೆ ಬಿದ್ದರೆ ಮುಗಿಯಿತು, ತಲೆ ರಜಾ ಹಾಕಿ ಕಾಲಿಗೆ ಅಧಿಕಾರ ಬಿಟ್ಟುಕೊಡುತ್ತಿತ್ತು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಡುತ್ತಿದ್ದ. ಗಿರಾಕಿ ಉಳಿದರ್ಧ ಗಡ್ಡದ ಸಮೇತ ಅವನ ಹಿಂದೆ ಹೊರಡುತ್ತಿದ್ದ. ಜಗಳವಾಡುತ್ತಿದ್ದ ಗಂಡ ಹೆಂಡಿರು ಜಗಳವನ್ನು ಅಲ್ಲಿಗೇ ನಿಲ್ಲಿಸಿ, ನಡೆಯುತ್ತ ಮುಂದುವರಿಸುತ್ತಿದ್ದರು.

"ಭಾವ, ಈ ಸಲ ನಾನು ಮುಂದೆ ನಡೀತೀನಿ," ಎಂದಳು ಡೋಲಮ್ಮ. "ಡೋಲು ಯಾರಿಗಾದ್ರೂ ಕೊಡಿ. ನಾನು ಸುಮ್ನೆ ಕೋಲು ಹಿಡ್ಕೊಂಡು ನಿಮ್ಮ ಮುಂದೆ ಹೋಗ್ತೀನಿ."

ಭಾವ ಗೋಡೆಯ ಕಡೆ ನೋಡುತ್ತ, "ಆಗಲ್ಲ," ಎಂದ.

"ಯಾಕಾಗಲ್ಲ? ಒಂದೇ ಒಂದು ದಿನ!"

"ನೀನು ಹಿಂದಿದ್ರೇನೇ ನನಗೆ ಧೈರ್ಯ." ಆಮೇಲೆ ಕೇಳಿದ, "ಆ ದಾರಿ ನಿನಗೆ ಚೆನ್ನಾಗಿ ಗೊತ್ತಲ್ಲ?"

"ದಿನಾ ಓಡಾಡೋ ದಾರಿ ಭಾವ. ಕಣ್ಣು ಮುಚ್ಕೊಂಡು ಹೋಗ್ತೀನಿ."

"ಹಾಗೇ ಹೋಗು. ನನಗೆ ಅಷ್ಟು ಸಾಕು."

ಅವನು ಹೇಳಿದ್ದರ ಅರ್ಥ ಅವಳಿಗೆ ಆಗ ಹೊಳೆಯಲಿಲ್ಲ. ಮನೆಗೆ ಬಂದು ಅಮ್ಮನಿಗೆ ಆಗಲ್ಲವಂತೆ ಎಂದಳು. ಅಮ್ಮ ಮುಖ ಆ ಕಡೆ ತಿರುಗಿಸಿ ಮಲಗಿದಳು. ಡೋಲಮ್ಮ ಅವಳ ಬೆನ್ನಿಗೇ ಮಾತು ಕೊಟ್ಟಳು. "ಹೇಗಾದ್ರೂ ತೋರಿಸ್ತೀನಿ ಬಿಡಮ್ಮ. ಕಿಟಕಿ ಕೆಳಗೆ ಬಂದಾಗ ಡೋಲಿನ ಪಕ್ಕಕ್ಕೆ ತಲೆ ಹಾಕಿ ನಿನ್ನ ಕಡೆ ನೋಡ್ತೀನಿ. ನೀನು ರೆಪ್ಪೆ ಹೊಡೀದೆ ಕೂತಿರು."

ಉದ್ಘಾಟನೆಯ ಬೆಳಿಗ್ಗೆ ಒಂಬತ್ತಕ್ಕೆ ಹಳೇ ಗೇಟಿನಲ್ಲಿ ಮುನ್ನೂರು ಜನ ಸೇರಿದರು. ಭಾವನ ಕೋಟಿನ ಗುಂಡಿಗಳು ಒಂದೊಂದು ಕಾಜಾ ಕೆಳಗೆ ಸಿಕ್ಕಿಕೊಂಡಿದ್ದವು. ಗೇಟಿನ ಕಂಬಕ್ಕೆ ಅವನು "ನಮಸ್ಕಾರ" ಎಂದದ್ದನ್ನು ಡೋಲಮ್ಮ ಕೇಳಿಸಿಕೊಂಡಳು. ತಮಾಷೆ ಎಂದುಕೊಂಡು ನಕ್ಕಳು. ಚೀಲಕ್ಕೆ ಗಾಳಿ ತುಂಬಿತು, ಮೂರು ಕೊಳವೆ ಗುಂಯ್ ಎಂದವು, ಅವಳ ಕೈ ತಾನಾಗಿ ಮೇಲೆದ್ದಿತು. ಧಂ! ಹೊರಟಿತು ಮೆರವಣಿಗೆ.

ಗಡಿಯಾರದ ಗೋಪುರದವರೆಗೆ ಎಲ್ಲ ಸರಿಯಾಗಿತ್ತು. ಕಣ್ಣಿನ ಡಾಕ್ಟರು ಬಿಳಿ ಕೋಟಿನಲ್ಲೇ ಬಂದು ಸೇರಿಕೊಂಡರು, ಔಷಧಿ ಹಾಕಿಸಿಕೊಂಡು ಕಣ್ಣು ಮಂಜಾಗಿದ್ದ ಅವರ ರೋಗಿ ಕೋಟಿನ ತುದಿ ಹಿಡಿದು ಬಂದ. ಗೋಪುರದ ಗಂಟೆ ತಲೆಯ ಮೇಲೆ ಬಾರಿಸಿದಾಗ ಡೋಲಮ್ಮ ಬಲಕ್ಕೆ ತಿರುಗಲು ಸಿದ್ಧಳಾದಳು. ಚೀಲಗಳ ಸದ್ದು ಎಡಕ್ಕೆ ತಿರುಗಿತು.

'ಓಹೋ, ಬೇರೆ ದಾರಿ ಹಿಡಿದರು' ಎಂದುಕೊಂಡು ಎಡಕ್ಕೆ ತಿರುಗಿದಳು. ಭಾವನಿಗೆ ಗೊತ್ತಿರದೆ ಇರುತ್ತದೆಯೇ?

ಸ್ವಲ್ಪ ದೂರದಲ್ಲಿ ತಂಪು ನೆರಳು ಬಂತು. ಪೆಟ್ರೋಲಿನ ವಾಸನೆ ಬಂತು. ಡೋಲಿನ ಸದ್ದು ಹಿಂದೆಂದೂ ಇಲ್ಲದ ಹಾಗೆ ದುಪ್ಪಟ್ಟಾಗಿ ನಾಲ್ಕು ಕಡೆಯಿಂದ ತಿರುಗಿ ಬರತೊಡಗಿತು. ಯಾರೋ "ಕಂಬಿ ಎತ್ತಿದೆ, ಬನ್ನಿ ಬನ್ನಿ!" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ನೆಲ ಏರತೊಡಗಿತು. ಏರುತ್ತ ಎಡಕ್ಕೆ ಬಾಗತೊಡಗಿತು. ಬಾಗಿ ಬಾಗಿ ಒಂದು ಸುತ್ತು ಮುಗಿಯಿತು, ಮತ್ತೆ ಏರು, ಮತ್ತೆ ಎಡ.

ನಮ್ಮ ಬೀದಿಗೆ ಏರು ಎಲ್ಲಿಂದ ಬಂತು ಎಂದು ಅವಳ ಕಾಲು ಕೇಳಿತು. ತಲೆ ರಜದಲ್ಲಿತ್ತು, ಉತ್ತರ ಕೊಡಲಿಲ್ಲ. ಉತ್ತರ ಬಂದದ್ದು ಹಿಂದಿನ ಜನರಿಂದ.

"ಇದೆಲ್ಲಿಗ್ರೀ ಹೋಗ್ತಿದ್ದೀವಿ?"

"ಮೇಜರು ಹೋಗ್ತಿದ್ದಾರಲ್ಲ, ಅಲ್ಲಿಗೆ."

"ಮೇಲೆ ತಿಂಡಿ ಇಟ್ಟಿದ್ದಾರೋ ಏನೋ."

"ತಿಂಡಿ ಇಟ್ಟಿದ್ದಾರಂತೆ ಕಣ್ರೋ!"

"ಬರೀ ತಿಂಡಿ ಅಲ್ವಂತೆ, ಊಟಾನೇ ಅಂತೆ. ಕೂತು ಉಣ್ಣೋಕೆ ಕುರ್ಚಿಯಂತೆ."

ಎರಡನೇ ಸುತ್ತಿಗೆ ಊಟಕ್ಕೆ ಸಿಹಿ ಸೇರಿತು. ಮೂರನೇ ಸುತ್ತಿಗೆ ಪ್ರತಿಯೊಬ್ಬರಿಗೂ ಒಂದೊಂದು ಹಾಸಿಗೆ ಉಚಿತ ಎಂದಾಯಿತು. ನಾಲ್ಕನೇ ಸುತ್ತಿಗೆ ಬಂದಾಗ ಹಾಸಿಗೆ ಒಬ್ಬರದೋ ಇಬ್ಬರದೋ ಎಂದು ವಾದ ನಡೆದಿತ್ತು. ಎಲ್ಲಿದ್ದೇವೆ ಎಂದು ಯಾರೂ ಕೇಳಲಿಲ್ಲ. ಡೋಲಮ್ಮನೂ ಕೇಳಲಿಲ್ಲ. ಇಬ್ಬರದೇ ಕೊಟ್ಟರೆ ಅಮ್ಮ ಕಾಲು ಚಾಚಿ ಮಲಗಬಹುದು ಎಂದು ಯೋಚಿಸುತ್ತ ಇನ್ನೂ ಜೋರಾಗಿ ಬಾರಿಸಿದಳು. ಸುಳ್ಳು ಯಾಕೆ, ಆ ಇಪ್ಪತ್ತೆರಡು ವರ್ಷದಲ್ಲಿ ಬ್ಯಾಂಡು ಅಷ್ಟು ಚೆನ್ನಾಗಿ ಕೇಳಿಸಿದ್ದೇ ಇಲ್ಲ. ಕಾಂಕ್ರೀಟಿನೊಳಗೆ ಆರು ಚೀಲ ಅರವತ್ತಾಗಿದ್ದವು. ಸಂತೋಷ ಅಂಗಾಲಿನಿಂದ ಹತ್ತಿ ಬರುತ್ತಿತ್ತು.

ಆರನೇ ಸುತ್ತು ಮುಗಿದದ್ದೇ ತಡ, ಸದ್ದೆಲ್ಲ ಆಕಾಶಕ್ಕೆ ಹಾರಿಹೋಯಿತು. ಹೊಡೆದ ಗುದ್ದು ಹಿಂದಕ್ಕೆ ಬರಲೇ ಇಲ್ಲ. ಎಲ್ಲಿಂದಲೋ ಭರ್ರೆಂದು ಗಾಳಿ ಬಂದು ಡೋಲಿನ ಚರ್ಮಕ್ಕೆ ಬಡಿಯಿತು. ದೊಡ್ಡ ಡೋಲು ಗಾಳಿಗೆ ಸಿಕ್ಕರೆ ಹಾಯಿಯೇ ಸರಿ. ಅದು ತಿರುಗಿತು, ಅದರ ಜೊತೆ ಪಟ್ಟಿ ತಿರುಗಿತು, ಡೋಲು ಡೋಲಮ್ಮನ ಸೊಂಟದ ಪಕ್ಕಕ್ಕೆ ಬಂದು ಕೂತಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣ ಮುಂದೆ ಏನೂ ಇರಲಿಲ್ಲ.

ಏನೂ ಇರಲಿಲ್ಲ ಎಂದರೆ ನಿಜವಾಗಿಯೂ ಏನೂ ಇರಲಿಲ್ಲ. ಅದು ಆರು ಅಂತಸ್ತಿನ ಕಾರು ನಿಲ್ದಾಣದ ತಾರಸಿ.

ಕೆಳಗೆ ಊರು ಕಂಡಿತು. ಬಲಗಡೆ ತನ್ನ ಬೀದಿ ಕಂಡಿತು. ಅಲ್ಲಿ ಮೊದಲ ಮಹಡಿಯ ಕಿಟಕಿಯಿಂದ ಕೆಂಪು ವಸ್ತ್ರ ಕಟ್ಟಿದ ಒಂದು ಪುಟ್ಟ ತಲೆ ಹೊರಗೆ ಚಾಚಿಕೊಂಡು, ಮೆರವಣಿಗೆ ಬರಬೇಕಾದ ಕಡೆಯೇ ರೆಪ್ಪೆ ಹೊಡೆಯದೆ ನೋಡುತ್ತಿತ್ತು. ಅಮ್ಮ! ಕಣ್ಣು ಅಲ್ಲಿಂದ ಕಿತ್ತು ಈಚೆಗೆ ತಂದರೆ, ಭಾವ ಗತ್ತಿನಿಂದ ಹೆಜ್ಜೆ ಹಾಕುತ್ತ ತಾರಸಿಯ ಅಂಚಿನ ಕಡೆಗೆ ಹೋಗುತ್ತಿದ್ದ. ಅಂಚಿನ ಗೋಡೆ ಅವನ ಮೊಣಕಾಲಿನಷ್ಟೂ ಇರಲಿಲ್ಲ. ಎಂಟು ಹೆಜ್ಜೆ. ಏಳು. ಅವನ ಹಿಂದೆ ಐದು ಚೀಲ, ಅದರ ಹಿಂದೆ ಸಣ್ಣ ಡೋಲು, ಹಿಂದೆ ನಗುನಗುತ್ತ ಮುನ್ನೂರು ಜನ.

ಬ್ಯಾಂಡಿನಲ್ಲಿ ಒಂದು ಕಟ್ಟಳೆ ಇತ್ತು. ಮುಂದಾಳು ರಾಗದ ಕೊನೆಗೆ ಒಂದು ಉದ್ದ ಸ್ವರ ಹಿಡಿದರೆ ಮಾತ್ರ ದೊಡ್ಡ ಡೋಲು ಜೋಡಿ ಗುದ್ದು ಹಾಕಬೇಕು, ಜೋಡಿ ಗುದ್ದು ಬಿದ್ದರೆ ಯಾರೇ ಆದರೂ ನಿಂತಲ್ಲೇ ನಿಲ್ಲಬೇಕು. ತಾನಾಗಿ ಜೋಡಿ ಗುದ್ದು ಹಾಕುವುದೆಂದರೆ ಮುಂದಾಳಿನ ಮೀಸೆಗೆ ಕೈ ಹಾಕಿದ ಹಾಗೆ. ಅಂಥದ್ದು ಆವರೆಗೆ ಆಗಿರಲಿಲ್ಲ.

ಧಂ! ಧಂ!

ಚೀಲಗಳು ನಿಂತವು. ಜನ ಒಬ್ಬರ ಬೆನ್ನಿಗೊಬ್ಬರು ಮುಗ್ಗರಿಸಿ ನಿಂತರು. ಭಾವ ಒಂದು ಕಾಲು ಎತ್ತಿಕೊಂಡೇ ನಿಂತ. ಡೋಲಮ್ಮ ಓಡಿಹೋಗಿ ಅವನ ಕೋಟಿನ ಬಾಲ ಹಿಡಿದು ಹಿಂದಕ್ಕೆಳೆದಳು.

"ಯಾರಿಗೆ ಕೇಳಿ ಗುದ್ದು ಹಾಕಿದೆ?" ಎಂದು ಭಾವ ಗುಡುಗಿದ. ಆಮೇಲೆ ಮೂಗು ಅರಳಿಸಿ, ತಗ್ಗಿದ ದನಿಯಲ್ಲಿ, "ಬಂದ್ವಾ? ಹೊಸ ಬಾಗಿಲಾ? ಗಾಳಿ ಚೆನ್ನಾಗಿದೆಯಲ್ಲ!" ಎಂದ.

ಡೋಲಮ್ಮ ಅವನ ಮೂಗಿನ ಮುಂದೆ ಕೈ ಹಿಡಿದಳು. "ಭಾವ, ಎಷ್ಟು ಬೆರಳು?"

"ಯಾರ ಬೆರಳು?"

ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. "ಎಷ್ಟು ದಿನದಿಂದ ಹೀಗೆ?"

"ಮಂಜು ಮಂಜಾಗಿ ಒಂದು ವರ್ಷ ಆಯ್ತು," ಎಂದ ಭಾವ, ಮಕ್ಕಳ ಹಾಗೆ ತಲೆ ತಗ್ಗಿಸಿ. "ಹಳೇ ದಾರಿ ಹೆಜ್ಜೆ ಲೆಕ್ಕದಲ್ಲೇ ಗೊತ್ತಿತ್ತು. ಇದು ಹೊಸದು. ನಿನಗೆ ಗೊತ್ತಿರೋ ದಾರಿ ಅಂದ್ಯಲ್ಲ, ಅದಕ್ಕೆ ನಿನ್ನ ಡೋಲು ಯಾವ ಕಡೆಯಿಂದ ಕೇಳ್ಸುತ್ತೋ ಆ ಕಡೆ ತಿರುಗ್ತಾ ಬಂದೆ. ಎಡಗಡೆಯಿಂದ್ಲೇ ಕೇಳ್ತಿತ್ತು. ನಾನು ನಿನ್ನ ಹಿಂದೆ ಬಂದೆ ಕಣೇ."

"ನನ್ನ ಹಿಂದೆ? ನಾನು ನಿಮ್ಮ ಹಿಂದೆ ಬಂದೆ!"

ಎಡಗಡೆಯಿಂದ ಕೇಳಿದ್ದು ಕಾರು ನಿಲ್ದಾಣದ ಗೋಡೆಗೆ ಬಡಿದು ಬಂದ ಸದ್ದು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಜನರನ್ನು ಸೀಳಿಕೊಂಡು ಬಂದಳು.

"ಅಯ್ಯೋ, ಹಾಗಾದ್ರೆ ಅದು ತಮಾಷೆ ಅಲ್ವಾ? ಆರು ತಿಂಗಳಿಂದ ನಾನು ಕೋಣೆಗೆ ಬಂದ್ರೆ 'ಯಾರು, ಕೂತ್ಕೊಳಿ' ಅಂತಿದ್ರು. ಈ ವಯಸ್ಸಲ್ಲಾದ್ರೂ ಮರ್ಯಾದೆ ಕಲಿತ್ರಲ್ಲ ಅಂತ ಖುಷಿಯಾಗಿದ್ದೆ!"

ಕಣ್ಣಿನ ಡಾಕ್ಟರು ಮುಂದೆ ಬಂದರು. ಭಾವನ ರೆಪ್ಪೆ ಎತ್ತಿ ನೋಡಿದರು. "ಪೊರೆ. ಚೆನ್ನಾಗಿ ಬಲಿತಿದೆ. ಅರ್ಧ ಗಂಟೆ ಕೆಲಸ, ತೆಗೆದ್ರೆ ಎಲ್ಲ ಕಾಣುತ್ತೆ. ಇಷ್ಟು ದಿನ ಯಾಕ್ರೀ ಬರ್ಲಿಲ್ಲ?"

"ಬಂದಿದ್ರೆ ಮುಂದೆ ನಡೆಯೋಕೆ ಬಿಡ್ತಿದ್ರಾ?" ಎಂದ ಭಾವ.

"ನೀವೇನು ಡಾಕ್ಟ್ರೇ," ಎಂದಳು ಡೋಲಮ್ಮ, "ಆರು ಅಂತಸ್ತು ಇವರ ಬೆನ್ನು ನೋಡ್ಕೊಂಡು ಹತ್ತಿದ್ರಲ್ಲ. ಒಂದ್ಸಲನಾದ್ರೂ ಅನುಮಾನ ಬರ್ಲಿಲ್ವಾ?"

ಡಾಕ್ಟರು ಕನ್ನಡಕ ಒರೆಸಿಕೊಂಡರು. "ಊಟ ಇದೆ ಅಂದ್ರಲ್ಲ."

ಮುನ್ನೂರು ಜನರಲ್ಲಿ ಮೊದಲು ನಕ್ಕವನು, ಕಾರು ತಡೆಯುವ ಕಂಬಿ ಎತ್ತಿ ಎಲ್ಲರನ್ನೂ ಒಳಗೆ ಬಿಟ್ಟ ಟಿಕೆಟಿನವನು. ಅವನ ಗೂಡು ಕೆಳಗೆ ಬಾಗಿಲು ತೆರೆದು ಬಿದ್ದಿತ್ತು, ಅವನೂ ಬ್ಯಾಂಡಿನ ಹಿಂದೆಯೇ ಹತ್ತಿ ಬಂದಿದ್ದ. "ನೀವೇಕೆ ಕಂಬಿ ಎತ್ತಿದ್ರಿ?" ಎಂದರೆ, "ಇಷ್ಟೊಂದು ಜನ ಬರ್ತಿದ್ದಾರೆ, ಗೊತ್ತಿಲ್ದೆ ಬರ್ತಾರಾ?" ಎಂದ. ಆ ನಗು ಒಬ್ಬರಿಂದ ಒಬ್ಬರಿಗೆ ಹತ್ತಿ ತಾರಸಿಯೆಲ್ಲ ನಕ್ಕಿತು. ಭಾವ ಮಾತ್ರ ನಗಲಿಲ್ಲ. ಚೀಲದ ಗಾಳಿ ಮೆಲ್ಲಗೆ ಇಳಿಯುತ್ತ ನರಳಿತು.

"ಸರಿ, ನನ್ನ ಕೆಲಸ ಮುಗೀತು," ಎಂದು ಸೊಂಟದ ಪಟ್ಟಿ ಬಿಚ್ಚಲು ಹೋದ.

ಡೋಲಮ್ಮ ಆ ಕೈ ಹಿಡಿದಳು. ಒಂದು ಕಣ್ಣು ಕೆಂಪು ವಸ್ತ್ರದ ಮೇಲೇ ಇತ್ತು. ಹತ್ತಕ್ಕೆ ಇನ್ನು ಹದಿನೈದು ನಿಮಿಷ. "ಮುಗಿಯೋದೇನು ಬಂತು? ಡೋಲು ಹೊಡೆಯೋಕೆ ಕಣ್ಣು ಬೇಕಾ ಭಾವ? ನಾನು ಇಪ್ಪತ್ತೆರಡು ವರ್ಷ ಹೊಡೀಲಿಲ್ವಾ! ನಿಮ್ಮ ಚೀಲ ಅಕ್ಕ ಹಿಡ್ಕೋತಾಳೆ. ಪೊರೆ ತೆಗೆಸ್ಕೊಂಡ ಮೇಲೆ ಮತ್ತೆ ಮುಂದಕ್ಕೆ ಬನ್ನಿ. ಈಗ ಡೋಲು ಹೊರಿ."

"ನಾನು? ಹಿಂದೆ?"

"ಧೈರ್ಯ ಹಿಂದಿಂದಾನೇ ಬರುತ್ತೆ ಅಂತ ನೀವೇ ಅಂದಿದ್ರಿ."

ಡೋಲನ್ನು ಎದೆಗೆ ಕಟ್ಟಿದರು. ಅಂಚು ಸರಿಯಾಗಿ ಭಾವನ ಹಣೆಗೆ ಬಂತು. ಒಂದು ಗುದ್ದು ಹಾಕಿ ನೋಡಿದ. ಇನ್ನೊಂದು ಹಾಕಿದ. ಮೀಸೆಯ ತುದಿ ಅಲುಗಿತು. "ಅಲ್ಲ ಕಣೇ," ಎಂದ ಡೋಲಿನ ಹಿಂದಿನಿಂದ, "ಇಷ್ಟು ಮಜಾ ಇದ್ದದ್ದನ್ನ ಇಷ್ಟು ವರ್ಷ ಒಬ್ಬಳೇ ಇಟ್ಕೊಂಡಿದ್ಯಾ?"

ಟಿಕೆಟಿನವನು ಕೊಟ್ಟ ಕಸಬರಿಗೆಯ ಕೋಲು ಹಿಡಿದು ಡೋಲಮ್ಮ ಮುಂದೆ ನಿಂತಳು. ಐದು ಚೀಲ ಗುಂಯ್ ಎಂದವು. ಸುತ್ತಿ ಸುತ್ತಿ ಇಳಿದರು. ಬುಡದಲ್ಲಿ ಯಜಮಾನಿ ಕತ್ತರಿ ಹಿಡಿದು ಓಡಿಬರುತ್ತಿದ್ದಳು. ಹೊಸ ಬಾಗಿಲಿನಲ್ಲಿ ನಿಂತು, ಬ್ಯಾಂಡು ಪ್ರತಿ ಅಂತಸ್ತಿನಲ್ಲೂ ಒಂದೊಂದು ಸಲ ಇಣುಕಿ ಮೇಲಕ್ಕೇರುವುದನ್ನು ಕಂಡು ತಡೆಯಲಾರದೆ ಬಂದವಳು. ಬೈಯಲು ಬಾಯಿ ತೆರೆದಳು, ಗುಂಯ್ ಕಿವಿಗೆ ಬಿತ್ತು, ಬಾಯಿ ಮುಚ್ಚಿ ಸಾಲಿಗೆ ಸೇರಿಕೊಂಡಳು.

ಗೋಪುರದ ಹತ್ತಿರ ಡೋಲಮ್ಮನಿಗೆ ಒಂದು ಅನುಮಾನ ಬಂತು. ಪರೀಕ್ಷೆಗೆಂದು ದೀಪದ ಕಂಬವನ್ನು ಒಂದು ಸುತ್ತು ಸುತ್ತಿದಳು. ಮುನ್ನೂರು ಜನವೂ ಸುತ್ತಿದರು. ಎರಡನೇ ಸುತ್ತು ಸುತ್ತಿದಳು. ಅವರೂ ಸುತ್ತಿದರು, ಯಜಮಾನಿ ಕತ್ತರಿ ಸಮೇತ. ಹಳೇ ಗೇಟಿಗೆ ಬೆನ್ನಾಗಿ ಬಂದಾಗ ಡೋಲಮ್ಮ ಕೋಲು ಎತ್ತಿ ನಿಲ್ಲಿಸಿದಳು.

"ಯಾಕ್ರೀ ಸುತ್ತಿದ್ರಿ?"

"ನೀವು ಸುತ್ತಿದ್ರಿ, ನಾವು ಸುತ್ತಿದ್ವಿ," ಎಂದ ಅರ್ಧ ಗಡ್ಡದವನು.

"ಈಗಷ್ಟೇ ಆರು ಅಂತಸ್ತಿಂದ ಇಳಿದು ಬಂದಿದ್ದೀರಿ! ಬಾಯಿ ಯಾತಕ್ಕಿದೆ? ನಾನು ದಾರಿ ತಪ್ಪಿದ್ರೆ ಕೂಗ್ರಿ! ಈಗ ಎಡಕ್ಕಾ, ಬಲಕ್ಕಾ?"

"ಬಲಕ್ಕೆ!" ಎಂದು ಮುನ್ನೂರು ಜನ ಅರಚಿದರು. ಡೋಲಿನ ಹಿಂದಿನಿಂದ ಒಂದೇ ದನಿ ತಡವಾಗಿ ಬಂತು. "ನನಗೆ ಯಾವ ಕಡೆಯಾದ್ರೂ ಸರಿ ಕಣೇ, ಧಂ!"

ಬಲಕ್ಕೆ ತಿರುಗಿದರು. ಬೀದಿ ತೆರೆದುಕೊಂಡಿತು. ಡೋಲಮ್ಮ ಹಿಂದೆಂದೂ ಇಷ್ಟು ಅಗಲವಾಗಿ ಆ ಬೀದಿಯನ್ನು ನೋಡಿರಲಿಲ್ಲ. ಬಾಗಿಲು ಬಾಗಿಲಿಗೂ ಜನ, ಮೇಲೆ ಆ ಕಿಟಕಿ, ಕಿಟಕಿಯಲ್ಲಿ ಆ ಕೆಂಪು ವಸ್ತ್ರ. ಅಮ್ಮ ಎರಡೂ ಕೈಯಿಂದ ಚೌಕಟ್ಟು ಹಿಡಿದು ಅರ್ಧ ಹೊರಗೆ ಬಗ್ಗಿದ್ದಳು. ಕಿಟಕಿಯ ಕೆಳಗೆ ಬಂದಾಗ ಡೋಲಮ್ಮ ಕೋಲು ಎತ್ತಿದಳು. ಚೀಲಗಳು ನಿಂತವು. ಅವಳು ಮುಖವನ್ನು ಪೂರ್ತಿ ಮೇಲಕ್ಕೆತ್ತಿ ನಿಂತಳು. ಬೆವರು, ಕೆದರಿದ ಕೂದಲು, ಕಿವಿಯಿಂದ ಕಿವಿಗೆ ನಗು.

ಅಮ್ಮ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಒಂದು ಸಲ ಕಣ್ಣೊರೆಸಿಕೊಂಡಳು, ಮತ್ತೆ ನೋಡಿದಳು. ಕೊನೆಗೆ ಕಣ್ಣು ಸಾಲಿನ ಹಿಂಬದಿಗೆ ಹೋಯಿತು.

"ಅಲ್ಲ ಕಣೆ, ಹಿಂದೆ ಬರೋ ಡೋಲಿಗೆ ಬರೀ ಕಾಲು ಕಾಣ್ತಿದೆ. ಅದ್ಯಾರು?"

"ನಿನ್ನ ದೊಡ್ಡಳಿಯಂದ್ರು ಅಮ್ಮ!"

"ಹಾಗಾದ್ರೆ ಸರಿ ಬಿಡು," ಎಂದಳು ಅಮ್ಮ. "ಅವರ ಮೋರೆ ಬೇಕಾದಷ್ಟು ನೋಡಿದ್ದೀನಿ. ನೀನು ಇನ್ನೊಂದು ಸುತ್ತು ಬಾ."